ಬೀಗ ತೆಗೆದ ನೀರತ್ತೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರೌಢಶಾಲೆಯ ಹಿತ್ತಲಿನಲ್ಲಿ ಕೈಪಂಪು ಕಿರುಗುಟ್ಟುತ್ತಿದೆ. ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬರು ಬಕೆಟ್ ತುಂಬಿಸಿ, ಹೆಣ್ಣುಮಕ್ಕಳ ಶೌಚಾಲಯದ ಡ್ರಮ್ಮಿಗೆ ಸುರಿದು, ಮತ್ತೆ ಪಂಪಿನ ಕಡೆ ನಡೆಯುತ್ತಾರೆ. ಇವತ್ತು ಹತ್ತನೆಯ ತರಗತಿಯ ಪರೀಕ್ಷೆ ಶುರು. ಡ್ರಮ್ಮು ತುಳುಕಿದರೂ ಅವರಿಗೆ ಸಮಾಧಾನವಿಲ್ಲ.

"ಪರೀಕ್ಷೆ ದಿನ ಹೊಟ್ಟೆ ಒಂದೇ ಸಮ ಇರಲ್ಲ ನೋಡಿ. ಓದಿದವರಿಗೂ ಅಷ್ಟೇ, ಓದದವರಿಗೂ ಅಷ್ಟೇ" ಎಂದು ನಗುತ್ತಾರೆ.

ಇವರು ಶಾಲೆಯ ಆಯಾ. ಮಕ್ಕಳ ಬಾಯಲ್ಲಿ ನೀರತ್ತೆ. ಕೈ ಕೆಲಸ ಮಾಡುತ್ತಿದ್ದರೂ ಕಣ್ಣು ಮಾತ್ರ ಗೇಟಿನ ಮೇಲಿದೆ. ಎಂಟನೆಯ ತರಗತಿಗೆ ಸೇರಿದ ಹುಡುಗಿಯರೆಲ್ಲ, ಒಬ್ಬಳೂ ನಡುವೆ ಬಿಡದೆ, ಹತ್ತನೆಯ ಪರೀಕ್ಷೆಗೆ ಕೂತ ವರ್ಷ ಈ ಶಾಲೆಯ ಚರಿತ್ರೆಯಲ್ಲೇ ಇಲ್ಲ. ಈ ಸಲ ಕೂರಬಹುದು. ಬಡಗಿಯ ಮಗಳೊಬ್ಬಳದ್ದೇ ಅನುಮಾನ.

ಸುತ್ತಲಿನ ಊರುಗಳಿಗೆಲ್ಲ ಇದೊಂದೇ ಸರ್ಕಾರಿ ಪ್ರೌಢಶಾಲೆ. ಖಾಲಿ ಬಿದ್ದಿದ್ದ ಉಗ್ರಾಣವೊಂದರಲ್ಲಿ, ಬರೀ ಹುಡುಗರಿಗೆಂದು ಶುರುವಾದದ್ದು. ಆಮೇಲೆ ಕಟ್ಟಡ ಬಂತು, ಪ್ರಯೋಗಾಲಯ ಬಂತು, ಹುಡುಗಿಯರೂ ಬಂದರು. ಅವರಿಗೆ ಬಿಳಿ ಟೈಲ್ಸಿನ ಶೌಚಾಲಯ ಕಟ್ಟಿಸಿ, ಟೇಪು ಕತ್ತರಿಸಿ ಉದ್ಘಾಟನೆಯನ್ನೂ ಮಾಡಿದರು. ಮಾರನೆಯ ದಿನವೇ ಬೀಗ ಬಿತ್ತು. ಹಾಳಾಗಬಾರದಲ್ಲ! ಅಧಿಕಾರಿಗಳು ಬಂದರೆ ತೆಗೆದು ತೋರಿಸುವುದು, ಅವರ ಜೀಪು ತಿರುವು ದಾಟಿದರೆ ಮತ್ತೆ ಬೀಗ. ಯಾರದೂ ಕೆಟ್ಟ ಮನಸ್ಸಲ್ಲ. ಒಳ್ಳೆಯ ಲೋಟಗಳನ್ನು ನೆಂಟರಿಗೆಂದು ಎತ್ತಿಡುತ್ತೇವಲ್ಲ, ಹಾಗೆ. ಹುಡುಗಿಯರು ಮಾತ್ರ ಬೆಳಿಗ್ಗೆಯಿಂದ ಗುಟುಕು ನೀರೂ ಕುಡಿಯದೆ ಕೂರುತ್ತಿದ್ದರು. ಮಧ್ಯಾಹ್ನ ಮನೆಗೆ ಹೋದವರಲ್ಲಿ ಎಷ್ಟೋ ಮಂದಿ ಮರಳುತ್ತಿರಲಿಲ್ಲ. ಹತ್ತನೆಯ ತರಗತಿಯ ಹೊತ್ತಿಗೆ ಅವರ ಬೆಂಚುಗಳು ಅರ್ಧಕ್ಕರ್ಧ ಖಾಲಿ.

ಗುಡಿಸುವ ಕೆಲಸಕ್ಕೆ ಸೇರಿದ ನೀರತ್ತೆಯ ಸೊಂಟಕ್ಕೆ ಆ ಬೀಗದ ಕೈ ಬಂತು. ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಆ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಲಂಗದ ಮೇಲೆ ಕಲೆ.

"ಅಂಥಾ ಹೊತ್ತಲ್ಲಿ ಯಾರ ಅಪ್ಪಣೆ ಕೇಳಲಿ? ತೆಗೆದೇಬಿಟ್ಟೆ."

ಆಗಿನ ಹೆಡ್‌ಮಾಸ್ಟರು ಕೆಂಡವಾದರು. "ಯಾರನ್ನ ಕೇಳಿ ತೆಗೆದೆ?"

"ಯಾರನ್ನೂ ಕೇಳಿಲ್ಲ ಸಾರ್."

"ನಾಳೆ ಗಲೀಜಾದ್ರೆ ಯಾರು ತೊಳೀತಾರೆ, ನಾನಾ?"

"ನೀವ್ಯಾಕೆ ಸಾರ್, ನಿಮಗೆ ಸೊಂಟನೋವು. ನಾನೇ ತೊಳೀತೀನಿ. ಬೀಗ ಮಾತ್ರ ಇನ್ನು ಹಾಕಲ್ಲ."

ಕಿಟಕಿಯಾಚೆ ನಿಂತಿದ್ದ ಮೇಷ್ಟ್ರೊಬ್ಬರಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಹೆಡ್‌ಮಾಸ್ಟರೂ ನಕ್ಕರು. ಕೆಲಸ ಉಳಿಯಿತು, ಬಾಗಿಲು ತೆರೆದೇ ಉಳಿಯಿತು.

ಅಂದಿನಿಂದ ದಿನಾ ತರಗತಿಗಳು ಶುರುವಾಗುವ ಮೊದಲೊಮ್ಮೆ, ಊಟದ ಬಿಡುವಿಗೆ ಮೊದಲೊಮ್ಮೆ, ನೀರತ್ತೆ ತೊಳೆದು ನೀರು ತುಂಬಿಸುತ್ತಾರೆ. ಸೈಕಲ್ ರಿಪೇರಿ ಮಾಡುವ ಗಂಡ ಹಳೆಯ ಕಡ್ಡಿಗಳನ್ನು ಬಗ್ಗಿಸಿ, ಬ್ಯಾಗು ತಗುಲಿಸಲು ಕೊಕ್ಕೆ ಮಾಡಿಕೊಟ್ಟಿದ್ದಾರೆ. ಕುಳ್ಳಿಯರಿಗೆಂದೇ ಒಂದು ಸಾಲು ಕೆಳಗಿದೆ. ಮೂಲೆಯ ಡಬ್ಬಿಯಲ್ಲಿ ಒಗೆದು ಮಡಿಸಿದ ಬಟ್ಟೆ, ಒಂದು ಲಂಗ. ಬೇಕಾದವಳು ತೆಗೆದುಕೊಳ್ಳಬಹುದು, ಬಾಯಿಬಿಟ್ಟು ಕೇಳಬೇಕಿಲ್ಲ. ಡಬ್ಬಿಯ ಮುಚ್ಚಳದ ಸದ್ದಾದರೆ ನೀರತ್ತೆ ಬೇರೆ ಕಡೆ ತಿರುಗಿ ಪೊರಕೆಯ ಕಡ್ಡಿ ಎಣಿಸುತ್ತಾ ಕೂರುತ್ತಾರೆ.

ಇದಕ್ಕೆಲ್ಲ ಊರು ಅವರನ್ನು ಹೊತ್ತು ಮೆರೆಸಲಿಲ್ಲ. ಫಿನಾಯಿಲಿಗೆ ಅಂಗೈ ಒಡೆದು ಬಿರುಕಾಗಿದೆ. ನೆಂಟರ ಮನೆಯ ಊಟದಲ್ಲಿ ಸ್ವಂತ ಓರಗಿತ್ತಿಯೇ ಪಕ್ಕದಿಂದ ಎದ್ದು ಹೋಗಿದ್ದಳು. "ಒಳ್ಳೇದೇ ಆಯ್ತು ಬಿಡಿ. ಜಾಗ ಜಾಸ್ತಿ ಸಿಕ್ತು, ಕಾಲು ಚಾಚ್ಕೊಂಡು ಉಂಡೆ."

ಹುಡುಗಿಯನ್ನು ಶಾಲೆ ಬಿಡಿಸುವ ಮಾತು ಎದ್ದ ಮನೆಗೆ ನೀರತ್ತೆಯೇ ಹೋಗಿ ಹೇಳುತ್ತಾರೆ. ಬಡಗಿಯ ಮನೆಯಲ್ಲಿ ಮಾತ್ರ ಅವರ ಮಾತು ಸುಲಭವಾಗಿ ನಡೆಯಲಿಲ್ಲ. ಹೆಂಡತಿ ಕಾಲು ಮುರಿದುಕೊಂಡು ಮಲಗಿದ್ದಾಳೆ. ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡವಳು ಶಾಲೆ ಬಿಡಬೇಕು ಎಂದು ಅವನು ಹಟ ಹಿಡಿದಿದ್ದ. ನೀರತ್ತೆ ಮತ್ತೆ ಮತ್ತೆ ಹೋಗಿ ಅವನ ಮರದ ಪುಡಿಯ ಮೇಲೆ ಕೂತರು. "ಪರೀಕ್ಷೆ ಮುಗಿಯೋವರೆಗೂ ಮಗು ನನ್ನ ಹತ್ರ ಇರಲಿ" ಎಂದರು. ಅವನು ಉಳಿ ಮಸೆಯುತ್ತಲೇ ಇದ್ದ.

ಈಗ ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಮೊದಲ ಗಂಟೆ ಹೊಡೆಯುತ್ತದೆ. ನೀರತ್ತೆ ಕೈಯೊರೆಸಿಕೊಂಡು ಗೇಟಿನ ಬಳಿಯೇ ಹೋಗಿ ನಿಲ್ಲುತ್ತಾರೆ. ಅಷ್ಟರಲ್ಲಿ ತಿರುವಿನಲ್ಲಿ ಒಂದು ಸೈಕಲ್ಲು ಕಾಣುತ್ತದೆ. ತುಳಿಯುತ್ತಿರುವವನು ಬಡಗಿ. ಹಿಂದೆ ಪರೀಕ್ಷೆಯ ರಟ್ಟು ಹಿಡಿದುಕೊಂಡ ಮಗಳು, ಮುಂದೆ ಮೂಗು ಸೋರಿಸುತ್ತಿರುವ ಮಗು.

ಮಗಳು ಇಳಿದವಳೇ ಒಳಗೆ ಓಡುತ್ತಾಳೆ. ಬಡಗಿ ಮಗುವನ್ನು ಎತ್ತಿ ಚಾಚುತ್ತಾನೆ. "ತಗೊಳ್ಳಕ್ಕಾ. ಹೇಳಿಬಿಡ್ತೀನಿ, ಇದಕ್ಕೆ ಹಟ ಬಹಳ."

"ನನಗಿಂತಾನಾ?"

ಅವನು ತಲೆ ತಗ್ಗಿಸಿ ನಗುತ್ತಾ ಸೈಕಲ್ಲು ತಿರುಗಿಸುತ್ತಾನೆ.

ಸ್ವಲ್ಪ ಹೊತ್ತಿಗೆ ಈಗಿನ ಹೆಡ್‌ಮಿಸ್ ಪರೀಕ್ಷೆಯ ಕೋಣೆಯಿಂದ ಹೊರಬರುತ್ತಾರೆ, ಮುಖವೆಲ್ಲ ಬೆಳಗಿದೆ. "ನೀರತ್ತೆ, ಹುಡುಗೀರ ಜಾಗ ಒಂದೂ ಖಾಲಿ ಇಲ್ಲ! ಬಂದು ನೋಡಿ."

ಕಂಕುಳಲ್ಲಿ ಮಗುವಿಟ್ಟುಕೊಂಡು ನೀರತ್ತೆ ದೂರದಿಂದಲೇ ಕಿಟಕಿಯೊಳಗೆ ಇಣುಕುತ್ತಾರೆ. ಸಾಲು ಸಾಲಾಗಿ ಬಗ್ಗಿದ ಜಡೆಗಳು. ತುಂಬ ಹೊತ್ತು ನೋಡುತ್ತಾರೆ. ಮಗು ಅವರ ಮೂಗುಬೊಟ್ಟು ಎಳೆದರೂ ಕದಲುವುದಿಲ್ಲ.

ನಿಮಗಾಗಿ ಏನಾದರೂ ಬೇಕೇ ಎಂದು ಕೇಳಿದರೆ ಯೋಚಿಸಲೂ ಹೋಗುವುದಿಲ್ಲ. "ಇನ್ನೊಂದು ಶೌಚಾಲಯ ಕಟ್ಟಿಸಿಕೊಡಲಿ. ಅಕ್ಕಂದಿರು ಇಷ್ಟು ಜನ ಪಾಸಾದ್ಮೇಲೆ ತಂಗೀರು ಮನೇಲಿ ಸುಮ್ನೆ ಕೂರ್ತಾರಾ? ಎಲ್ಲಾ ಬರ್ತಾರೆ. ಆಗ ಇದೊಂದು ಎಲ್ಲಿ ಸಾಕಾಗುತ್ತೆ ಹೇಳಿ!"