ಪೆಟ್ಟಿಗೆಯ ಖಾಲಿ ಗೂಡು

ಸಲಕರಣೆ ಪೆಟ್ಟಿಗೆಯ ಮುಚ್ಚಳ ತೆರೆದ ಕಿರಿಯ ಮೆಕ್ಯಾನಿಕ್ ಬಗ್ಗಿದವಳು ಬಗ್ಗಿದ ಹಾಗೇ ನಿಂತಳು.

"ಸರ್, ಕನ್ನಡಿ ಇಲ್ಲ."

ಪೆಟ್ಟಿಗೆಯೊಳಗಿನ ಸ್ಪಂಜಿನಲ್ಲಿ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗೂಡು ಕೊರೆದಿದೆ. ಎಂಜಿನ್ನಿನ ಸಂದಿಗೊಂದಿಗಳನ್ನು ಇಣುಕಿ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯ ಗೂಡು ಮಾತ್ರ ಖಾಲಿ. ವಾಯುನೆಲೆಯ ಕಟ್ಟಳೆ ಸರಳ. ಒಂದು ಸಲಕರಣೆ ಕಾಣೆಯಾದರೂ ಅದು ಸಿಗುವ ತನಕ ವಿಮಾನ ನೆಲ ಬಿಡುವಂತಿಲ್ಲ. ಒಳಗೇ ಉಳಿದಿದ್ದರೆ ಹಾರುವವರ ಜೀವಕ್ಕೇ ಸಂಚಕಾರ.

ಈ ಕಟ್ಟಳೆಯನ್ನು ಎಲ್ಲರ ತಲೆಗೆ ತುಂಬಿದವರು ಪೆಟ್ಟಿಗೆಯ ಹೊಣೆ ಹೊತ್ತ ಹಿರಿಯ ಫಿಟ್ಟರ್. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಅವರ ಹೆಸರೇ ಗೂಡು ಮಾಸ್ತರು. ಮನೆಗೆ ಹೊರಟವರನ್ನು ಬಾಗಿಲಿನಿಂದ ವಾಪಸು ಕರೆದು ಜೇಬು ನೋಡುವ ಮನುಷ್ಯ. "ಅವರ ಮನೇಲಿ ಚಮಚಕ್ಕೂ ಗೂಡು ಇರುತ್ತೆ ಕಣೋ" ಎಂದು ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು.

ಇವತ್ತು ವರ್ಷಕ್ಕೊಮ್ಮೆಯ ವೈಮಾನಿಕ ಪ್ರದರ್ಶನ. ಹೊರಗೆ ಹಗ್ಗದಾಚೆ ಜನ ಕಿಕ್ಕಿರಿದಿದ್ದಾರೆ. ಅವರು ಕಾದಿರುವುದು ಈ ವಿಮಾನಕ್ಕೇ.

ಕನ್ನಡಿ ಎಲ್ಲಿದೆ ಎಂದು ಮಾಸ್ತರರಿಗೆ ಗೊತ್ತಿತ್ತು.

ನಿನ್ನೆ ಸಂಜೆ ಹೆಂಡತಿ ಫೋನ್ ಮಾಡಿದ್ದಳು. ಅವಳ ಅಮ್ಮನ ಹಲ್ಲಿನ ಸೆಟ್ಟು ಬೀರುವಿನ ಹಿಂದೆ ಬಿದ್ದುಹೋಗಿದೆ, ಮುದುಕಿ ಉಪವಾಸ ಕೂತಿದೆ. ಬೆಳಿಗ್ಗೆ ತಂದಿಟ್ಟರಾಯಿತು ಎಂದುಕೊಂಡು ಮಾಸ್ತರು ಕನ್ನಡಿಯನ್ನು ಜೇಬಿಗಿಳಿಸಿ, "ಎಲ್ಲಾ ಸರಿ ಇದೆ" ಎಂದು ತಾವೇ ಬೀಗ ಹಾಕಿದ್ದರು. ಹಲ್ಲು ಸಿಕ್ಕಿತು. "ಚೀಲದಲ್ಲಿ ಇಟ್ಕೊಂಡಿರ್ತೀನಿ, ಬೆಳಿಗ್ಗೆ ನೆನಪು ಮಾಡ್ತೀನಿ" ಎಂದಿದ್ದಳು ಹೆಂಡತಿ. ಪ್ರದರ್ಶನದ ಗಡಿಬಿಡಿಯಲ್ಲಿ ಕನ್ನಡಿ ಮರೆತು, ಅವಳು ಏಳುವ ಮೊದಲೇ ಇವರು ಮನೆ ಬಿಟ್ಟಿದ್ದರು. ಆ ಚೀಲ ಈಗ ಮೈದಾನದ ಮುಂದಿನ ಸಾಲಿನಲ್ಲಿ, ಅಮ್ಮನ ಜೊತೆ ಪ್ರದರ್ಶನ ನೋಡಲು ಬಂದಿರುವ ಅವಳ ತೊಡೆಯ ಮೇಲಿರಬೇಕು.

ಎಂಜಿನಿಯರ್ ಸಾಹೇಬರು ಬಂದರು. "ನಿನ್ನೆ ಕೊನೇಗೆ ಕನ್ನಡಿ ತಗೊಂಡಿದ್ದು ಯಾರು?"

"ನಾನೇ ಸರ್. ವಾಪಸ್ ಇಟ್ಟಿದ್ದೆ," ಎಂದಳು ಕಿರಿಯ ಮೆಕ್ಯಾನಿಕ್.

"ಇಟ್ಟಿದ್ರೆ ಎಲ್ಲಿ ಹೋಯ್ತಮ್ಮಾ? ಅದಕ್ಕೂ ರೆಕ್ಕೆ ಬಂತಾ?"

ಯಾರೋ ಕಿಸಕ್ಕನೆ ನಕ್ಕರು. ಅವಳು ಎಲ್ಲರೆದುರು ಜೇಬುಗಳನ್ನು ತಿರುವಿ ಹಾಕಿದಳು. ಒಂದು ಬಾಚಣಿಗೆ, ಕರವಸ್ತ್ರ, ಚಾಕೊಲೇಟಿನ ಕಾಗದ. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಮಾಸ್ತರು ಬದಲಿಗೆ ಟಾರ್ಚು ಹಿಡಿದು, ಚಕ್ರದ ಕೆಳಗೆ ಅಂಗಾತ ಮಲಗಿ, ಎಲ್ಲರಿಗಿಂತ ಜೋರಾಗಿ ಹುಡುಕಿದರು. ಧ್ವನಿವರ್ಧಕ ತಡವಾಗುತ್ತಿರುವುದಕ್ಕೆ ಕ್ಷಮೆ ಕೇಳುತ್ತಿತ್ತು.

"ಎಂಜಿನ್ ಬಿಚ್ರಿ," ಎಂದರು ಸಾಹೇಬರು. "ನೀನು ನಾಳೆಯಿಂದ ಹ್ಯಾಂಗರಿಗೆ ಬರೋದು ಬೇಡ."

ಅವಳು ಅಳಲಿಲ್ಲ. ಮಾಸ್ತರರ ಕಡೆ ತಿರುಗಿದಳು. "ಸರ್, ರಾತ್ರಿ ನೀವೇ ಎಣಿಸಿ ಬೀಗ ಹಾಕಿದ್ರಲ್ಲಾ. ಕನ್ನಡಿ ಇತ್ತು ಅಂತ ಹೇಳಿ ಸರ್. ನೀವು ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ಮೊನಚಿನ ಮಾತಲ್ಲ, ನಂಬಿಕೆಯ ಮಾತು. ಮಾಸ್ತರು ಎದ್ದು ಕೂತರು. "ಬಿಚ್ಚಬೇಡಿ. ಕನ್ನಡಿ ನನ್ನ ಹೆಂಡತಿ ಹತ್ರ ಇದೆ," ಎಂದವರೇ ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಬಿಸಿಲಿಗೆ ಕಾದ ಡಾಂಬರು ದಾಟಿ ಹಗ್ಗದ ಬಳಿ ಬಂದಾಗ ಹೆಂಡತಿ ಗಾಬರಿಯಾದಳು. "ಏನ್ರೀ ಇದು, ಕೆಲಸ ಬಿಟ್ಟು?"

"ಕನ್ನಡಿ ಕೊಡು."

"ಅಯ್ಯೋ! ನೆನಪು ಮಾಡೋಕೇ ನೆನಪಾಗಲಿಲ್ಲ ನೋಡಿ," ಎನ್ನುತ್ತ ಚೀಲಕ್ಕೆ ಕೈ ಹಾಕಿದಳು. ಪಕ್ಕದಲ್ಲಿದ್ದ ಅತ್ತೆ ಹೊಳೆಯುವ ಹಲ್ಲು ಬಿಟ್ಟು ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿದರು: "ನಮ್ಮ ಅಳಿಯಂದ್ರು. ನನ್ನ ಹಲ್ಲು ಹುಡುಕಿಕೊಟ್ಟಿದ್ದು ಇದೇ ಕನ್ನಡೀಲಿ. ವಿಮಾನದ್ದಂತೆ!"

ಅಷ್ಟರಲ್ಲಿ ಧ್ವನಿವರ್ಧಕದವನ ಕಣ್ಣಿಗೆ ಇವರು ಬಿದ್ದರು. "ನಮ್ಮ ಸಿಬ್ಬಂದಿಯೊಬ್ಬರು ಮನೆಯವರನ್ನ ಮಾತಾಡಿಸೋಕೆ ಬಂದಿದ್ದಾರೆ. ಹಗಲೂ ರಾತ್ರಿ ದುಡಿಯೋ ಇಂಥವರಿಗೆ ಒಂದು ಜೋರು ಚಪ್ಪಾಳೆ!"

ಇಡೀ ಮೈದಾನ ಚಪ್ಪಾಳೆ ತಟ್ಟಿತು. ಅಪ್ಪನ ಹೆಗಲೇರಿದ್ದ ಮಗುವೊಂದು ಕೈ ಬೀಸಿತು. ಕನ್ನಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮಾಸ್ತರು ತಲೆ ತಗ್ಗಿಸಿ ವಾಪಸು ನಡೆದರು. ಹ್ಯಾಂಗರ್ ಸೇರುವ ತನಕ ಚಪ್ಪಾಳೆ ನಿಲ್ಲಲಿಲ್ಲ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿಸಿದ್ರಲ್ಲಾ ಮಾಸ್ತರೇ," ಎಂದರು ಸಾಹೇಬರು, ದನಿ ಏರಿಸದೆ. "ಉಳಿದ ಮಾತು ಆಮೇಲೆ."

ಮಾಸ್ತರು ಕನ್ನಡಿಯನ್ನು ಗೂಡಿಗೆ ಒತ್ತಿದರು. ಕಿರಿಯ ಮೆಕ್ಯಾನಿಕ್ ನೆಲದ ಮೇಲಿದ್ದ ಬಾಚಣಿಗೆ ಹೆಕ್ಕಿಕೊಳ್ಳುತ್ತಿದ್ದಳು.

"ತಪ್ಪಾಯ್ತಮ್ಮಾ," ಎಂದರು ಮೆಲ್ಲಗೆ.

"ಚಕ್ರದ ಕೆಳಗೆ ಏನು ಹುಡುಕ್ತಿದ್ರಿ ಸರ್?" ಎಂದಳು ಅವಳು.

ವಿಮಾನ ಹಾರಿತು. ತಲೆಯ ಮೇಲೆ ಅದು ಮಗುಚಿ ತಿರುಗಿದಾಗ ಜನ ಹೋ ಎಂದರು. ಮಾಸ್ತರು ಕತ್ತೆತ್ತಲಿಲ್ಲ.

ಸೋಮವಾರದಿಂದ ಅವರಿಗೆ ಟೈರು ಗೋದಾಮಿನ ಕೆಲಸ. ಪೆಟ್ಟಿಗೆಯ ಬೀಗದ ಕೈ ಅವಳ ಬಳಿ ಇದೆ. ಸಂಜೆ ಹೊರಡುವಾಗ ಮಾಸ್ತರು ಹ್ಯಾಂಗರಿನ ಬಾಗಿಲಲ್ಲಿ ನಿಂತು ಜೇಬು ತೋರಿಸುತ್ತಾರೆ, ಅವಳು ನೋಡಿ ಕಳಿಸುತ್ತಾಳೆ.