ನಾನು ‘ಫಿಟ್’ ಎಂದು ಬರೆದ ಆಟಗಾರ

ತಪ್ಪು ಅಂತ ಗೊತ್ತಿದ್ದೂ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ? ನಾನು ಹಾಕಿದ್ದೇನೆ.

2012. ಅಮೆರಿಕದ ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಮುಗಿಸಿ, ಸ್ಯಾನ್ ಡಿಯಾಗೋದ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅಥ್ಲೆಟಿಕ್ ಟ್ರೇನರ್ ಆಗಿದ್ದೆ. ಫುಟ್‌ಬಾಲ್ ಎಂದರೆ ಅಮೆರಿಕದ್ದು, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ. ಗಾಯ ನೋಡುವುದು, ಯಾರು ಆಡಬಹುದು ಎಂದು ಡಾಕ್ಟರಿಗೆ ವರದಿ ಕೊಡುವುದು ನನ್ನ ಕೆಲಸ. ತಂಡದ ಹೀರೋ ನಿಖಿಲ್. ಹುಟ್ಟಿದ್ದು ಅಲ್ಲಿಯದೇ ಡೈಮಂಡ್ ಬಾರ್ ಎಂಬ ಊರಿನಲ್ಲಿ, ತಾಯಿ ಸುಜಾತಕ್ಕ ಧಾರವಾಡದವರು. ಅವನು ಚೆಂಡು ಹಿಡಿದು ಓಡಿದರೆ ತಡೆಯುವವರಿರಲಿಲ್ಲ. ಪ್ರೊಫೆಷನಲ್ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಅವನನ್ನು ನೋಡಲೆಂದೇ ಬರುತ್ತಿದ್ದರು. ನಮ್ಮ ಕನ್ನಡದ ಹುಡುಗ ಎಂದು ನಾನೂ ಕಂಡಕಂಡಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ಸೀಸನ್‌ಗೆ ಮೊದಲು ಎಲ್ಲರಿಗೂ ಬೇಸ್‌ಲೈನ್ ಟೆಸ್ಟ್. ಕಂಪ್ಯೂಟರ್ ತೋರಿಸುವ ಪದಗಳನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಟೆಸ್ಟ್. ಅಂಕ ಇಳಿದರೆ ಆಡುವಂತಿಲ್ಲ. ಹಾಗಾಗಿ ಕೆಲವರು ಮೊದಲ ಸಲವೇ ಬೇಕೆಂದೇ ಕೆಟ್ಟದಾಗಿ ಮಾಡುತ್ತಾರೆ. ಯಾರು ಎಲ್ಲಿ ಓಡಬೇಕು ಎಂಬ ತಂಡದ ನೂರಾರು ತಂತ್ರಗಳನ್ನು ಬಾಯಿಪಾಠ ಮಾಡಿದ್ದ ನಿಖಿಲ್, ಹನ್ನೆರಡು ಪದಗಳಲ್ಲಿ ನಾಲ್ಕು ನೆನಪಿಟ್ಟಿದ್ದ.

“ಏನಪ್ಪಾ, ನಮ್ಮಜ್ಜಿ ನಿನಗಿಂತ ಚೆನ್ನಾಗಿ ಮಾಡ್ತಿದ್ರು,” ಎಂದೆ.

“ಅಂಕಲ್, ರಿಲ್ಯಾಕ್ಸ್. ಎವ್ರಿಬಡಿ ಡಸ್ ಇಟ್.”

ಅನುಮಾನ ಬಂದರೆ ಮತ್ತೊಮ್ಮೆ ಟೆಸ್ಟ್‌ಗೆ ಕೂರಿಸಬೇಕು ಎಂಬುದು ನಿಯಮ. ನಾನು ನಕ್ಕು ಸಹಿ ಹಾಕಿದೆ.

ಅಕ್ಟೋಬರ್‌ನ ಒಂದು ಪಂದ್ಯದಲ್ಲಿ ನಿಖಿಲ್‌ನ ಹೆಲ್ಮೆಟ್‌ಗೆ ಎದುರಾಳಿಯ ಹೆಲ್ಮೆಟ್ ಬಡಿಯಿತು. ಎದ್ದವನು ದಿಕ್ಕು ತಿಳಿಯದೆ ಎದುರಾಳಿಗಳ ಬೆಂಚಿನ ಕಡೆ ನಡೆದ. ಹತ್ತು ದಿನ ಆಡಿಸದೆ ಕೂರಿಸಿ, ಆಮೇಲೆ ಟೆಸ್ಟ್ ಮಾಡಿಸಿದೆ. ಐದು ಪದ. ಮೊದಲಿಗಿಂತ ಒಂದು ಹೆಚ್ಚೇ. ಆ ಮೊದಲ ಅಂಕ ಸುಳ್ಳು ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

“ತಲೆ ನೋವಿದ್ಯೇನೋ?”

“ನೋಪ್. ಸ್ಕೌಟ್ಸ್ ಆರ್ ಕಮಿಂಗ್, ಅಂಕಲ್. ಪ್ಲೀಸ್.”

‘ಫಿಟ್’ ಎಂದು ಬರೆದೆ. ಅದನ್ನು ನಂಬಿ ಡಾಕ್ಟರೂ ಒಪ್ಪಿದರು. ಆ ಶನಿವಾರವೇ ತಲೆಗೆ ಎರಡನೇ ಪೆಟ್ಟು ಬಿತ್ತು. ಪ್ರಜ್ಞೆ ತಪ್ಪಿದವನ ಬಳಿ ಮೊದಲು ಓಡಿ ಆಂಬುಲೆನ್ಸ್ ಹತ್ತಿಸಿದವನು ನಾನೇ. ಅವನು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ.

ಈಗ 2019. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ನಡು ಮಧ್ಯಾಹ್ನ ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ನಿಖಿಲ್‌ಗೆ ಬೆಳಕು ಆಗುವುದಿಲ್ಲ. ಪುಟ ಮುಗಿಯುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಾನೆ.

“ನೀವು ಅವತ್ತ ಮೈದಾನದಾಗ ಇದ್ರಿ ಅಂತ ಜೀವ ಉಳೀತ್ ನೋಡ್ರಿ,” ಎಂದರು ಸುಜಾತಕ್ಕ. “ಬ್ಯಾರೇ ಯಾರರ ಇದ್ದಿದ್ರ ಏನ್ ಗತಿ?”

“ಅಯ್ಯೋ ಬಿಡಿ ಅಕ್ಕಾ,” ಎಂದು, ಕೊಟ್ಟ ಚಹಾ ಕುಡಿದು ಬಂದೆ.

ಇಪ್ಪತ್ತರ ಹುಡುಗ ಆಡುವ ಆಸೆಗೆ ಸುಳ್ಳು ಹೇಳುತ್ತಾನೆ. ಅದನ್ನು ಹಿಡಿಯಲಿ ಎಂದೇ ನನಗೆ ಸಂಬಳ ಕೊಟ್ಟು ಅಲ್ಲಿ ನಿಲ್ಲಿಸಿದ್ದರು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ನಿನ್ನೆ ಸುಜಾತಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟರು.

ನಿಮ್ಮ ಕೈಯಲ್ಲೂ ಇಂಥದ್ದು ಆಗಿದ್ದರೆ ಕೆಳಗೆ ಬರೆಯಿರಿ. ನನಗೆ ಸಮಾಧಾನ ಹೇಳಬೇಡಿ. ನಿಮ್ಮದನ್ನು ಹೇಳಿ.