ಗುನ್ವರ್ ಸೇತುವೆ ದಾಟಿ ಸಾಮಾನು ತಂದದ್ದು

ಹಾಲ್ಡೆನ್ ಪಟ್ಟಣದಲ್ಲಿ ನಲವತ್ತು ವರ್ಷ ಹೆಂಗಸರ ಕೂದಲು ಕತ್ತರಿಸಿದ ಗುನ್ವರ್, ಸ್ವೀಡನ್ನಿನ ಅಂಗಡಿಗೆ ಒಮ್ಮೆಯೂ ಕಾಲಿಡದೆ ಅಲ್ಲಿನ ದರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಊರು ಗಡಿಯಂಚಿನದು, ಹತ್ತಿರದ ಸ್ವಿನೆಸುಂಡ್ ಸೇತುವೆ ದಾಟಿದರೆ ಸ್ವೀಡನ್. ಶನಿವಾರ ಬಂತೆಂದರೆ ಅರ್ಧ ಊರು ಅಲ್ಲಿರುತ್ತಿತ್ತು. ಹೋಗಿಬಂದವರು ಅವಳ ಕುರ್ಚಿಯಲ್ಲಿ ಕುಳಿತು ಹೇಳಿಕೊಳ್ಳದೆ ಬಿಡುತ್ತಿರಲಿಲ್ಲ. ಹಂದಿಮಾಂಸ ಇಲ್ಲಿಯ ಅರ್ಧ ಬೆಲೆಗಂತೆ, ಚೀಸ್ ಇನ್ನೂ ಅಗ್ಗವಂತೆ, ಕೋಳಿಯ ದರ ಕೇಳಿದರೆ ಅಳುವೇ ಬರುತ್ತದಂತೆ. ಇಷ್ಟೆಲ್ಲ ಹೇಳಿ ಕೊನೆಗೆ ದನಿ ತಗ್ಗಿಸಿ, "ಮನೇಲಿ ಹೇಳ್ಬೇಡ ಕಣೇ" ಅನ್ನುತ್ತಿದ್ದರು. ಯಾಕೆಂದರೆ ಅವಳ ಗಂಡ ಟೋರ್ಫಿನ್ ಅದೇ ಸೇತುವೆಯ ಬಳಿ ಕಸ್ಟಮ್ಸ್ ಅಧಿಕಾರಿ. ತಲೆಗೆ ಹತ್ತು ಕಿಲೋಗಿಂತ ಹೆಚ್ಚು ಮಾಂಸ, ಚೀಸು ತರುವವರ ಕಾರಿನ ಡಿಕ್ಕಿ ತೆಗೆಸುವುದೇ ಆಗ ಅವನ ಉದ್ಯೋಗವಾಗಿತ್ತು.

ಗುನ್ವರ್ ಯಾರ ವಿಷಯವನ್ನೂ ಮನೆಗೆ ಒಯ್ಯಲಿಲ್ಲ, ತಾನೂ ಹೋಗಲಿಲ್ಲ. ಗಂಡನ ಕೆಲಸ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ತಮ್ಮ ಒಡ್‌ವಾರ್. ಹತ್ತಿರದ ಹಳ್ಳಿ ಆರೆಮಾರ್ಕ್‌ನಲ್ಲಿ ಹಸು ಸಾಕಿ ಡೇರಿಗೆ ಹಾಲು ಹಾಕುವವನು. "ಗಡಿಯಾಚೆಯಿಂದ ತರೋ ಒಂದೊಂದು ಚೀಸ್ ಗಟ್ಟಿಗೂ ನನ್ನ ಕೊಟ್ಟಿಗೇಲಿ ಒಂದು ಹಸು ಕಮ್ಮಿಯಾಗತ್ತೆ" ಎಂದು ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಫೋರ್ಕ್ ಎತ್ತಿ ಗುಡುಗುತ್ತಿದ್ದ. ಒಡಹುಟ್ಟಿದವನು ಹೀಗೆನ್ನುವಾಗ ಅವಳು ಹೇಗೆ ಹೋದಾಳು? ಊರಿನ ಅಂಗಡಿಯಲ್ಲೇ, ಹದಿನೈದು ಪರ್ಸೆಂಟ್ ತೆರಿಗೆ ಸಮೇತ, ಗೊಣಗದೆ ಕೊಂಡಳು.

ಈ ವಸಂತದಲ್ಲಿ ಮೊಮ್ಮಗಳು ಸುನ್ನಿವಾ ಚರ್ಚಿನಲ್ಲಿ ದೃಢೀಕರಣ ಸಂಸ್ಕಾರ ಪಡೆದು ದೊಡ್ಡವರ ಸಾಲಿಗೆ ಸೇರುವ ಭಾನುವಾರ ಹತ್ತಿರ ಬಂತು. ಮೂವತ್ತು ಜನಕ್ಕೆ ಊಟ, ಅಡುಗೆ ಅಜ್ಜಿಯದೇ. ಅತ್ತ ಸ್ವೀಡನ್ನಿನವರು ಏಪ್ರಿಲ್‌ನಲ್ಲಿ ಆಹಾರದ ಮೇಲಿನ ತೆರಿಗೆಯನ್ನು ಹನ್ನೆರಡರಿಂದ ಆರು ಪರ್ಸೆಂಟಿಗೆ ಇಳಿಸಿಬಿಟ್ಟಿದ್ದರು. ಊರಿನ ಅಂಗಡಿಯಲ್ಲಿ ಹಂದಿ ತೊಡೆಯೊಂದನ್ನು ಎತ್ತಿ ಬೆಲೆ ನೋಡಿದ ಗುನ್ವರ್ ಅದನ್ನು ಹಾಗೇ ಕೆಳಗಿಟ್ಟು ಮನೆಗೆ ಬಂದಳು.

"ನಾಳೆ ಸ್ವೀಡನ್ನಿಗೆ ಹೋಗೋಣ," ಅಂದಳು.

ನಿವೃತ್ತನಾಗಿ ಎರಡು ವರ್ಷವಾಗಿದ್ದ ಟೋರ್ಫಿನ್ ಕಾಫಿ ಬಟ್ಟಲನ್ನು ಕೆಳಗಿಟ್ಟ. "ಊರವರ ಡಿಕ್ಕಿ ತೆಗೆಸಿ ತೆಗೆಸಿ ಮುದುಕ ಆದೋನು ನಾನು. ಈಗ ನಾನೇ ಡಿಕ್ಕಿ ತುಂಬ ಹಂದಿ ತುಂಬ್ಕೊಂಡು ಬಂದ್ರೆ ಜನ ಏನಂತಾರೆ?"

"ಕೊನೆಗೂ ಬುದ್ಧಿ ಬಂತು ಅಂತಾರೆ. ನೀನು ಕಾರು ಓಡ್ಸು ಸಾಕು, ಅಂಗಡಿ ಒಳಗೆ ಬರ್ಬೇಡ."

ಹಾಗೇ ಆಯಿತು. ಅವನು ಕಾರಿನಲ್ಲೇ ಪೇಪರ್ ಬಿಡಿಸಿ ಕುಳಿತ. ಗುನ್ವರ್ ತಳ್ಳುಗಾಡಿ ಹಿಡಿದು, ಹುಟ್ಟಿದಾಗಿನಿಂದ ಅಲ್ಲೇ ಓಡಾಡಿದವಳ ಹಾಗೆ ಒಳಗೆ ನಡೆದಳು. ಯಾವ ಸಾಲಿನಲ್ಲಿ ಏನಿದೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಎಲ್ಲವನ್ನೂ ಕೂದಲು ಕತ್ತರಿಸುತ್ತಲೇ ಕೇಳಿದ್ದಳು. ಮೀನು ಊರಿನಷ್ಟೇ ಬೆಲೆ, ಬಿಟ್ಟಳು. ಸಿಗಡಿ ಬೇಡವೆಂದಳು. ಕೋಳಿ ಮಾತ್ರ ಗೆಳತಿಯರು ಹೇಳಿದ್ದಕ್ಕಿಂತಲೂ ಅಗ್ಗವಿತ್ತು.

ಮಾಂಸದ ಸಾಲಿಗೆ ತಿರುಗಿದಾಗ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ ಒಬ್ಬ ಗಂಡಸು ಇವಳನ್ನು ಕಂಡವನೇ ಗಾಡಿಯನ್ನು ಸರಕ್ಕನೆ ತಿರುಗಿಸಿ ಎದುರು ಸಾಲಿಗೆ ನುಗ್ಗಿದ. ಅಲ್ಲಿ ಬೆನ್ನು ಮಾಡಿ ನಿಂತು ನಾಯಿ ಬಿಸ್ಕತ್ತಿನ ಪೊಟ್ಟಣ ಓದತೊಡಗಿದ. ಆ ಬೆನ್ನನ್ನು ಗುನ್ವರ್ ಅದು ಮೊಣಕಾಲೆತ್ತರ ಇದ್ದಾಗಿನಿಂದ ಬಲ್ಲಳು.

"ಒಡ್‌ವಾರ್!" ಎಂದು ಇಡೀ ಅಂಗಡಿಗೆ ಕೇಳುವಂತೆ ಕರೆದಳು. "ನಾಯಿ ಯಾವಾಗ ತಂದ್ಯೋ?"

ಅವನ ಕಿವಿ ಕೆಂಪಾಯಿತು. ಗಾಡಿಯ ತುಂಬ ಹಂದಿಮಾಂಸ, ಮೇಲೊಂದು ದಪ್ಪನೆಯ ಚೀಸ್ ಗಟ್ಟಿ. ಗುನ್ವರ್‌ಗೆ ಮೊದಲು ಬಂದದ್ದು ಸಿಟ್ಟೇ. ಇವನ ಹಸುಗಳಿಗೋಸ್ಕರ ತಾನು ಎಷ್ಟು ವರ್ಷ ದುಬಾರಿ ಅನ್ನ ಉಂಡೆನಲ್ಲ! ಅವನ ತೋಳು ಹಿಡಿದು ಪಕ್ಕದ ಕ್ಯಾಂಟೀನಿಗೆ ಕರೆದೊಯ್ದು ಕೂರಿಸಿದಳು.

"ಎಷ್ಟು ವರ್ಷದಿಂದ?"

"ಹೆಂಡ್ತಿ ಬೆನ್ನುನೋವಿಗೆ ಕೆಲಸ ಬಿಟ್ಟಾಗಿಂದ," ಎಂದ ಒಡ್‌ವಾರ್. "ಹಾಲು ಮಾರಿ ಬರೋ ದುಡ್ಡಲ್ಲಿ ಅದೇ ಹಾಲಿನ ಚೀಸ್ ಕೊಳ್ಳೋಕಾಗಲ್ಲ ಅಕ್ಕ. ಆದ್ರೆ ನಾನು ಊಟದಲ್ಲಿ ಹೇಳ್ತಿದ್ದದ್ದು ಸುಳ್ಳಲ್ಲ. ಎಲ್ಲಾರೂ ಇಲ್ಲಿಗೇ ಬಂದ್ರೆ ನನ್ನಂಥೋರು ಉಳಿಯಲ್ಲ."

ಬಿರುಕುಬಿಟ್ಟ ಅವನ ಕೈಗಳನ್ನು ನೋಡಿ ಅವಳ ಸಿಟ್ಟು ಇಳಿಯಿತು. "ಸುಳ್ಳು ಅಂದೋರ್ಯಾರು? ಬೆಣ್ಣೆ, ಕ್ರೀಮು ನಾನು ನಮ್ಮೂರಲ್ಲೇ ತಗೊಳ್ಳೋದು, ಸಾಯೋವರೆಗೂ. ಮೂವತ್ತು ಜನಕ್ಕೆ ಹಂದಿ ತೊಡೆ ಮಾತ್ರ ಇಲ್ಲಿಂದ. ಈಗ ಎದ್ದು ಒಳ್ಳೇದು ಯಾವುದು ಅಂತ ತೋರ್ಸು. ನಿಂಗೆ ಗೊತ್ತಿರತ್ತಲ್ಲ."

ಇಬ್ಬರೂ ಗಾಡಿ ತಳ್ಳಿಕೊಂಡು ಹೊರಗೆ ಬಂದಾಗ ಟೋರ್ಫಿನ್ ಭಾವಮೈದುನನನ್ನು ಮಾತಾಡಿಸುವುದಕ್ಕೂ ಮೊದಲು ಅವನ ಗಾಡಿಯನ್ನು ನೋಡಿದ. "ಹದಿನಾಲ್ಕು ಕಿಲೋ," ಅಂದ.

"ನಿಮ್ಮ ಕಾರಲ್ಲಿ ಜಾಗ ಇದೆಯಲ್ಲ ಭಾವ?"

"ಜಾಗ ಇದೆ. ನಿನ್ನ ಮಾಂಸ ನನ್ನ ಹೆಸರಲ್ಲಿ ದಾಟಲ್ಲ."

ಗುನ್ವರ್ ಪರ್ಸ್ ತೆಗೆದು ತಮ್ಮನ ಕೈಗೆ ನೋಟು ತುರುಕಿ, ಅವನ ಗಾಡಿಯಿಂದ ನಾಲ್ಕು ಕಿಲೋದ ತೊಡೆಯೊಂದನ್ನು ಎತ್ತಿ ತನ್ನ ಡಿಕ್ಕಿಗೆ ಹಾಕಿದಳು. "ಈಗ ಇದು ನಂದು. ನನ್ನ ಮೊಮ್ಮಗಳ ಊಟಕ್ಕೆ. ಇನ್ನೇನಾದ್ರೂ ಕಾನೂನು ಇದೆಯಾ?"

ಟೋರ್ಫಿನ್ ಬಹಳ ಯೋಚಿಸಿ, ಇಲ್ಲವೆಂದ. ಆದರೂ ಸೇತುವೆ ದಾಟಿದ ಮೇಲೆ, ತೋರಿಸಬೇಕಾದ್ದು ಏನೂ ಇಲ್ಲದವರ ಹಸಿರು ದಾರಿ ಬಿಟ್ಟು ತಪಾಸಣೆಯ ಕೆಂಪು ದಾರಿಗೇ ಕಾರು ತಿರುಗಿಸಿದ. ಅವನೇ ಕೆಲಸ ಕಲಿಸಿದ್ದ ಹುಡುಗಿ ಅಲ್ಲಿದ್ದಳು.

"ಏನ್ ಟೋರ್ಫಿನ್, ದಾರಿ ತಪ್ತಾ?"

"ತೂಕ ಮಾಡು."

ಅವಳು ನಗುತ್ತಲೇ ತೂಗಿದಳು. "ಇನ್ನೂ ಎರಡು ಕಿಲೋ ತರಬಹುದಿತ್ತು ನೀವು."

"ಕೇಳಿಸ್ತಾ?" ಅಂದಳು ಗುನ್ವರ್ ಕಾರಿನೊಳಗಿಂದ.

ಭಾನುವಾರದ ಊಟಕ್ಕೆ ಎಲ್ಲರೂ ಬಂದರು. ಬೀಗಿತಿ ಎರಡನೇ ಸಲ ಬಡಿಸಿಕೊಳ್ಳುತ್ತಾ, "ಎಷ್ಟು ಚೆನ್ನಾಗಿದೆ ಈ ಮಾಂಸ! ಎಲ್ಲಿಂದು?" ಎಂದರು. ಮೇಜಿನ ಸುತ್ತ ಎಲ್ಲರ ಕಣ್ಣೂ ಒಡ್‌ವಾರ್ ಕಡೆ ಹೊರಳಿತು. ಗುನ್ವರ್ ಬಾಯಿ ತೆರೆಯುವುದರೊಳಗೆ ಅವನೇ ಬಾಯಿ ಒರೆಸಿಕೊಂಡ.

"ಸ್ವೀಡನ್ನಿಂದು. ಆರಿಸಿದ್ದು ನಾನೇ."

ಸುನ್ನಿವಾ ಕಿಸಕ್ಕನೆ ನಕ್ಕಳು. ಅಷ್ಟೇ ಸಾಕಾಯಿತು. ಯಾರು ಎಲ್ಲಿ ಏನು ಎಷ್ಟಕ್ಕೆ ಕೊಳ್ಳುತ್ತಾರೆಂದು ಮೇಜಿನ ಈ ಕೊನೆಯಿಂದ ಆ ಕೊನೆಯವರೆಗೆ ಕೂಗಾಟವೇ ಆಯಿತು. ಎಲ್ಲರದೂ ಮುಗಿದ ಮೇಲೆ ಒಡ್‌ವಾರ್ ಕೇಕಿನ ಕಡೆ ಬೆರಳು ಮಾಡಿ, "ಕ್ರೀಮು ಮಾತ್ರ ನಮ್ಮ ಹಸುಗಳದ್ದು. ಅದನ್ನ ಯಾರೂ ಉಳಿಸೋ ಹಾಗಿಲ್ಲ," ಎಂದ. ಯಾರೂ ಉಳಿಸಲಿಲ್ಲ.

ಆಮೇಲಿನಿಂದ ತಿಂಗಳಿಗೊಮ್ಮೆ ಒಡ್‌ವಾರ್ ಫೋನ್ ಮಾಡಿ ಯಾವತ್ತು ಹೊರಡೋಣ ಎಂದು ಕೇಳುತ್ತಾನೆ. ಏನನ್ನು ಅಲ್ಲಿ ಕೊಳ್ಳಬೇಕು, ಏನನ್ನು ಇಲ್ಲಿ ಎಂಬುದು ಗುನ್ವರ್ ತೀರ್ಮಾನ. ಅದಕ್ಕೆ ಇಬ್ಬರು ಗಂಡಸರೂ ಎದುರಾಡುವುದಿಲ್ಲ.